ಶಿಲುಬೆ ಹೊಲಿದುಕೊಂಡು ಹೊರಟವರು

ಕ್ರುಸೇಡಿಗೆ, ಕ್ರೈಸ್ತರ ಆ ಹಳೆಯ ಧರ್ಮಯುದ್ಧಕ್ಕೆ, ಹೋದವರೆಲ್ಲ ಲೂಟಿಗೆ ಹೋದವರು ಎಂಬ ಮಾತನ್ನು ನಾನು ಮೊದಲು ಕೇಳಿದ್ದು ಮಂಗಳೂರಿನ ಕಾಲೇಜಿನಲ್ಲಿ, ಚರ್ಚಾಸ್ಪರ್ಧೆಯ ತಯಾರಿಯಲ್ಲಿದ್ದಾಗ. ಕೇಳಿದ ಕೂಡಲೇ ಇಷ್ಟವಾಗಿತ್ತು. ಒಂಬೈನೂರು ವರ್ಷಗಳ ಹಿಂದೆ ಯುರೋಪಿನಲ್ಲಿ ಜಮೀನೆಲ್ಲ ಹಿರಿಯ ಮಗನಿಗೆ ಹೋಗುತ್ತಿತ್ತು, ಕಿರಿಯವನಿಗೆ ಉಳಿಯುತ್ತಿದ್ದದ್ದು ಕುದುರೆ ಮತ್ತು ಕತ್ತಿ. ಅಂಥ ಕಿರಿಯ ಮಕ್ಕಳೆಲ್ಲ ಬಟ್ಟೆಗೆ ಶಿಲುಬೆ ಹೊಲಿದುಕೊಂಡು, ದೇವರ ಹೆಸರು ಹೇಳಿಕೊಂಡು, ಮುಸ್ಲಿಮರ ಆಳ್ವಿಕೆಯಲ್ಲಿದ್ದ ಜೆರುಸಲೇಮಿನ ಕಡೆ ಆಸ್ತಿ ಹುಡುಕಿ ಹೊರಟರು. ಎಷ್ಟು ಚೊಕ್ಕ! ವೇದಿಕೆಯ ಮೇಲೆ ಎರಡು ಉಸಿರಿನಲ್ಲಿ ಹೇಳಿ ಮುಗಿಸಬಹುದು, ಚಪ್ಪಾಳೆಯೂ ಬರುತ್ತದೆ. ಇಗರ್ಜಿಯ, ಅಂದರೆ ನಮ್ಮ ಚರ್ಚಿನ, ದೊಡ್ಡವರ ಬಳಿ ಇನ್ನೊಂದು ಕತೆ ಇತ್ತು. ಪವಿತ್ರ ನಾಡಿಗೆ ಹೋಗುವ ಯಾತ್ರಿಕರಿಗೆ ತೊಂದರೆಯಾಗುತ್ತಿತ್ತು, ಅವರನ್ನು ಕಾಪಾಡಲು ಹೋದರು, ಕೆಲವರು ಮಾತ್ರ ದಾರಿ ತಪ್ಪಿದರು. ಅದೂ ಚೊಕ್ಕವೇ. ಎರಡನ್ನೂ ಹೇಳುವವರು ಹೋದವನನ್ನು ನಿಲ್ಲಿಸಿ, ಏನಪ್ಪ, ಯಾಕೆ ಹೊರಟೆ ಎಂದು ಕೇಳಿದವರಲ್ಲ.

ನಮ್ಮ ಮನೆಯಲ್ಲೂ ಅಷ್ಟೇ ಚೊಕ್ಕದ ಕತೆಯೊಂದಿತ್ತು: ಪಪ್ಪ ಗಲ್ಫಿಗೆ ಹೋದದ್ದು ನಮಗೋಸ್ಕರ. ಮಮ್ಮಿ ಹೇಳುತ್ತಿದ್ದರು, ಅತ್ತೆಯರು ಹೇಳುತ್ತಿದ್ದರು, ಪೂಜೆ ಮುಗಿಸಿ ಹೊರಬಂದ ಫಾದರ್ ಕೂಡ ನನ್ನ ತಲೆ ಸವರಿ ಹೇಳುತ್ತಿದ್ದರು. ಪಪ್ಪ ಮಾತ್ರ ಹೇಳಿದ್ದನ್ನು ನಾನು ಕೇಳಿಲ್ಲ. ನಾನು ತೊಟ್ಟಿಲಲ್ಲಿದ್ದಾಗ ಅಬುಧಾಬಿಗೆ ಹೋದವರು ಎರಡು ವರ್ಷಕ್ಕೊಮ್ಮೆ ರಜೆಯಲ್ಲಿ ಬರುತ್ತಿದ್ದರು. ಅವರು ಬರುವ ಹಿಂದಿನ ದಿನ ಮಮ್ಮಿ ಕಪಾಟಿನಿಂದ ಒಳ್ಳೆಯ ಬೆಡ್‌ಶೀಟ್ ತೆಗೆಯುತ್ತಿದ್ದರು, ನೆಂಟರಿಗೆಂದು ಇಟ್ಟದ್ದನ್ನು. ಯಾವ ಗ್ಲಾಸಿನಲ್ಲಿ ಚಾ ಕುಡಿಯಬಹುದು ಎಂದು ಪಪ್ಪ ನನ್ನನ್ನು ಕೇಳುತ್ತಿದ್ದರು. ಅವರಿಗೆ ಮನೆ ಪರಿಚಯವಾಗುವಷ್ಟರಲ್ಲಿ ರಜೆ ಮುಗಿಯುತ್ತಿತ್ತು.

ಆದ್ದರಿಂದ ನಾನು ದುಬೈಗೆ ಹೋದೆ. ಕೇಳಿದವರಿಗೆ 'ಎಕ್ಸ್‌ಪೀರಿಯನ್ಸ್ ಆಗ್ತದೆ' ಎಂದೆ, ಅದನ್ನು ಎಲ್ಲರೂ ಒಪ್ಪಿದರು. ಮುಂಬೈಯಲ್ಲಿ ಇದಕ್ಕಿಂತ ಒಳ್ಳೆಯ ಕೆಲಸವೇ ಸಿಗುತ್ತಿತ್ತು. ನನಗೆ ಬೇಕಾಗಿದ್ದದ್ದು ಕೆಲಸವಲ್ಲ, ಬಸ್ಸಿನಲ್ಲಿ ಎರಡು ಗಂಟೆ ದೂರದಲ್ಲಿರುವ ಅಪ್ಪ. ಇದನ್ನು ಬಾಯಿಬಿಟ್ಟು ಹೇಳುವ ವಯಸ್ಸು ದಾಟಿತ್ತು, ಅದಕ್ಕೇ ಯಾರಿಗೂ ಹೇಳಲಿಲ್ಲ. ಪಪ್ಪನಿಗೂ.

ನನ್ನ ಆಫೀಸು ರಾಸ್ ಅಲ್ ಖೋರ್‌ನಲ್ಲಿ, ಹಳೆಯ ಕಾರುಗಳ ಯಾರ್ಡೊಂದರ ಮೂಲೆಯಲ್ಲಿ. ಹೊರಗೆ ಉರಿಬಿಸಿಲಲ್ಲಿ ಸಾಲು ಸಾಲು ಕಾರು, ಒಳಗೆ ಎ.ಸಿ.ಯ ಚಳಿಯಲ್ಲಿ ನಾನು, ಕಾರುಗಳ ಕಾಗದಪತ್ರ. ಮಾತೆಂದರೆ 'ಯಲ್ಲಾ, ಪೇಪರ್ ರೆಡಿ?' 'ಖಲಾಸ್, ಮುದೀರ್ ಸೈನ್ ಮಾಡಿದ್ರು.' ಮುದೀರ್ ಎಂದರೆ ಮ್ಯಾನೇಜರು. ಇರುವುದು ಅಲ್ ಮುರಕ್ಕಬಾತ್‌ನ ಒಂದು ಫ್ಲ್ಯಾಟಿನಲ್ಲಿ, ಪ್ಲೈವುಡ್ ಹಲಗೆ ಹೊಡೆದು ಮಾಡಿದ ಕೋಣೆಯ ಅರ್ಧದಲ್ಲಿ. ಉಳಿದರ್ಧದವಳು ಆಸ್ಪತ್ರೆಯ ಶಿಫ್ಟಿಗೆ ಹೋಗುವವಳು. ನಾನು ಬರುವಾಗ ಅವಳು ಹೋಗಿರುತ್ತಿದ್ದಳು, ಅಥವಾ ಮಲಗಿರುತ್ತಿದ್ದಳು. ವಾದ ಮಾಡಿ ಕಪ್ ಗೆದ್ದ ಬಾಯಿಗೆ ಕೆಲವು ಸಂಜೆ ಲಿಫ್ಟಿನಲ್ಲಿ ಯಾರಿಗೋ 'ಫಿಫ್ತ್ ಫ್ಲೋರ್ ಪ್ಲೀಸ್' ಎಂದು ಹೇಳಿದ್ದೇ ದಿನದ ದೊಡ್ಡ ಭಾಷಣವಾಗುತ್ತಿತ್ತು.

ಪಪ್ಪ ಅಬುಧಾಬಿಯ ಮುಸಫ್ಫಾದಲ್ಲಿ ಒಂದು ಮೆಂಟೇನೆನ್ಸ್ ಕಂಪನಿಯ ಸ್ಟೋರ್‌ಕೀಪರ್. ಶುಕ್ರವಾರ ರಜೆ. ಭಾನುವಾರದ ಪೂಜೆಯನ್ನೂ ಅಲ್ಲಿ ಶುಕ್ರವಾರವೇ ಕೇಳುತ್ತಿದ್ದೆವು. ಒಂದು ವಾರ ಬಿಟ್ಟು ಒಂದು ವಾರ ಅವರು ದುಬೈಗೆ ಬರುತ್ತಿದ್ದರು. ಆದರೆ ಬಂದರೆ ಕೂರುವುದೆಲ್ಲಿ? ನನ್ನ ಫ್ಲ್ಯಾಟಿಗೆ ಗಂಡಸರು ಬರುವಂತಿಲ್ಲ, ಅಪ್ಪನಾದರೂ. ಅವರ ಕಂಪನಿ ರೂಮಿಗೆ ಹೆಂಗಸರು ಹೋಗುವಂತಿಲ್ಲ, ಮಗಳಾದರೂ. ಆ ದೇಶದಲ್ಲಿ ನಮ್ಮಿಬ್ಬರಿಗೂ ಬಾಗಿಲು ಮುಚ್ಚಿ ಕೂರುವ ಒಂದು ಜಾಗ ಇರಲಿಲ್ಲ. ಇಗರ್ಜಿಯ ಅಂಗಳ, ಫುಡ್ ಕೋರ್ಟ್, ಮೆಟ್ರೋ. ಅಪ್ಪ ಮಗಳಾಗಿ ನಾವು ಕಳೆದದ್ದೆಲ್ಲ ಸಾರ್ವಜನಿಕ ಸ್ಥಳಗಳಲ್ಲೇ. ಬಾಗಿಲು ಮುಚ್ಚಿದ್ದರೆ ಹೆಚ್ಚು ಮಾತಾಡುತ್ತಿದ್ದೆವು ಎಂದು ವಾದಿಸಲು ನನ್ನ ಬಳಿ ಪುರಾವೆ ಇಲ್ಲ.

ಆ ವರ್ಷ ಪಪ್ಪನಿಗೆ ಅರವತ್ತಾಗುತ್ತಿತ್ತು. ಅರವತ್ತಾದರೆ ಸಾಮಾನ್ಯವಾಗಿ ವೀಸಾ 'ಕ್ಯಾನ್ಸಲ್' ಮಾಡಿ ಊರಿಗೆ ಹೋಗುವುದು. ಮೇಯಲ್ಲಿ ಹೋಗುವುದೆಂದು ಮನೆಯಲ್ಲಿ ಮಾತಾಗಿತ್ತು. ಮಮ್ಮಿ ಫೋನಿನಲ್ಲಿ, "ಇನ್ನಾದ್ರೂ ಒಂದು ಜನ ಮನೆಯಲ್ಲಿ ಇರ್ಲಿ ಮಾರಾಯ್ತಿ, ಬಾಗಿಲು ತಟ್ಟಿದ್ರೆ ತೆಗೀಲಿಕ್ಕೆ" ಎಂದು ನಗುತ್ತಿದ್ದರು. ಆ ನಗು ಯಾವುದೆಂದು ನನಗೆ ಗೊತ್ತಿತ್ತು. ಹಾಗಾಗಿ ಸಿಕ್ಕಾಗೆಲ್ಲ ನಾನೇ ಪಪ್ಪನ ಮುಂದೆ ವಾದ ಹೂಡುತ್ತಿದ್ದೆ: ಹೋಗಿ, ಮಮ್ಮಿ ಕಾಯ್ತಿದ್ದಾರೆ, ಇನ್ನು ಸಾಕು. ಒಳ್ಳೆಯ ವಾದಗಳು. ಒಳಗೊಳಗೆ ಸೋಲಬೇಕೆಂದು ಬಯಸುತ್ತಲೇ ನಾನು ಮಾಡಿದ ವಾದಗಳು ಜೀವನದಲ್ಲಿ ಅವಷ್ಟೇ. 'ನೀನು ಇಲ್ಲಿ ಒಬ್ಬಳೇ ಆಗ್ತಿ, ನಾನು ಹೋಗುದು ಹೇಗೆ' ಎಂದು ಅವರು ಒಮ್ಮೆ ಹೇಳಿಬಿಟ್ಟರೆ ಸಾಕಿತ್ತು. ಅವರು, "ನೋಡುವ" ಎನ್ನುತ್ತಿದ್ದರು.

ಈ ನಡುವೆ ಇಗರ್ಜಿಯ ಯುವಕರ ಸಂಘದವರು ಈಸ್ಟರಿಗೆ ಮೊದಲಿನ ತಪಸ್ಸುಕಾಲದ ಒಂದು ಶುಕ್ರವಾರ ಚರ್ಚಾಸ್ಪರ್ಧೆ ಇಟ್ಟರು. ವಿಷಯ ಕ್ರುಸೇಡು: ಹೋದದ್ದು ಭಕ್ತಿಗೋ, ಲಾಭಕ್ಕೋ? ಸೂಚಿಸಿದವಳು ನಾನೇ. ಪಕ್ಷವನ್ನು ಚೀಟಿ ಎತ್ತಿ ನಿರ್ಧರಿಸಿದರು. ನನಗೆ ಬಂದದ್ದು ಭಕ್ತಿ. ಶಿಲುಬೆಯ ಗುರುತು ಹಾಕುವಾಗಲೂ ಪುರಾವೆ ಕೇಳುವವಳಿಗೆ ಭಕ್ತಿ! ಲಾಭದ ಪಕ್ಷ ಸಿಕ್ಕಿದ್ದು ಮಿರ್ದಿಫ್‌ನ ಒಬ್ಬ ಹುಡುಗನಿಗೆ. ಅಲ್ಲೇ ಹುಟ್ಟಿ ಬೆಳೆದವನು, ಕೊಂಕಣಿಯಲ್ಲಿ ಕೇಳಿದರೆ ಇಂಗ್ಲಿಷಿನಲ್ಲಿ ಉತ್ತರ ಕೊಡುವವನು.

ಎರಡು ದಿನ ಕಳೆದು ಸಂಘ ನೋಡಿಕೊಳ್ಳುವ ಅಂಕಲ್ ಫೋನ್ ಮಾಡಿದರು.

"ಬಾಯೆ, ಆ ಕ್ರುಸೇಡ್ ಅನ್ನುವ ಶಬ್ದ ಪೋಸ್ಟರಿನಲ್ಲಿ ಬೇಡ. ನಾವು ಇರುದು ಯಾವ ದೇಶದಲ್ಲಿ?"

"ಅಂಕಲ್, ಹಾಲ್ ಒಳಗೆ ನಾವೇ ನಾವು. ಯಾರು ನೋಡ್ತಾರೆ?"

"ನೋಡುದು ಬಿಡುದು ಬೇರೆ. ಒಂದು ಮನೆಯಲ್ಲಿ ಊಟಕ್ಕೆ ಕೂತು ಅವರ ಹಳೇ ಜಗಳ ತೆಗೀಲಿಕ್ಕುಂಟಾ? ಎಂತಾದ್ರೂ ಸಾಫ್ಟ್ ಆಗಿ ಬರೆ."

ಅವರು ಹೇಳಿದ್ದರಲ್ಲಿ ಮರ್ಯಾದೆಯೂ ಇತ್ತು, ಹೆದರಿಕೆಯೂ ಇತ್ತು. ಯಾವುದು ಎಷ್ಟು ಎಂದು ನನಗೆ ಬಿಡಿಸಲಾಗಲಿಲ್ಲ. ಕೊನೆಗೆ ಪೋಸ್ಟರಿನಲ್ಲಿ 'ಪವಿತ್ರ ನಾಡಿಗೆ ಪಯಣ: ಹೋದದ್ದು ಯಾಕೆ?' ಎಂದು ಬಂತು. ತಮಾಷೆ ಏನೆಂದರೆ, ಓದುತ್ತಾ ಹೋದಾಗ ಗೊತ್ತಾಯಿತು, ಹೋದವರೂ ತಮ್ಮನ್ನು ಕರೆದುಕೊಳ್ಳುತ್ತಿದ್ದದ್ದು ಯಾತ್ರಿಕರೆಂದೇ. ಅಂಕಲ್ ಹೆದರಿ ಅಳಿಸಿದ ಶಬ್ದ ಆ ಯಾತ್ರಿಕರು ಹೊರಟಾಗ ಇರಲೇ ಇಲ್ಲ.

ಹಲಗೆಯ ಈಚೆ ಮಂಚದಲ್ಲಿ ಕೂತು ಫೋನಿನಲ್ಲಿ ಸಿಕ್ಕಿದ್ದನ್ನೆಲ್ಲ ಓದಿದೆ. ಓದಿದಷ್ಟೂ ಕಾಲೇಜಿನ ನನ್ನ ಚೊಕ್ಕ ವಾದ ಕುಸಿಯಿತು. ಹೋದವರಲ್ಲಿ ಹಿರಿಯ ಮಕ್ಕಳಿದ್ದರು, ದೊಡ್ಡ ದೊಡ್ಡ ಜಮೀನುದಾರರಿದ್ದರು. ಹೋಗಲು ಆಸ್ತಿ ಅಡವಿಟ್ಟರು, ಮಾರಿದರು. ಜೆರುಸಲೇಮನ್ನು ಹಿಡಿದ ಮೇಲೆ ಹೆಚ್ಚಿನವರು ಅಲ್ಲಿ ಜಮೀನು ಮಾಡಿಕೊಂಡು ಕೂರಲಿಲ್ಲ, ಊರಿಗೆ ವಾಪಸಾದರು. ಆಸ್ತಿಗೆ ಹೋದವರು ಆಸ್ತಿ ಬಿಟ್ಟು ಬರುತ್ತಾರೆಯೇ? ಸರಿ, ಭಕ್ತಿ ಎನ್ನೋಣ. ಆದರೆ ಅಡವಿನ ಪತ್ರಗಳಲ್ಲಿ 'ಆತ್ಮದ ಉದ್ಧಾರಕ್ಕಾಗಿ ಹೋಗುತ್ತಿದ್ದೇನೆ' ಎಂದು ಬರೆದವರು ಯಾರು? ಮಠದ ಸನ್ಯಾಸಿಗಳು. ಅಡವು ಹಿಡಿದವರೂ ಅವರೇ! ಹೋದವನ ಕಾರಣವನ್ನು ಅವನ ಜಮೀನು ಹಿಡಿದವನ ಕೈಯಿಂದ ಬರೆಸಿಕೊಂಡು ನಾವು ಓದುತ್ತಿದ್ದೇವೆ. ನನಗೆ ನಿಜವಾಗಿ ತಟ್ಟಿದ್ದು ಇನ್ನೊಂದು ಸಂಗತಿ. ಯಾವ ಮನೆಯಿಂದ ಒಬ್ಬ ಹೋಗಿದ್ದನೋ ಅದೇ ಮನೆಗಳಿಂದ ಮತ್ತೆ ಮತ್ತೆ ಹೋದರು. ಮಾವ ಹೋಗಿದ್ದ, ಅಳಿಯ ಹೊರಟ. ಅಣ್ಣ ಹೋಗಿದ್ದ, ತಮ್ಮ ಹೊರಟ. ಪಪ್ಪನನ್ನು ಗಲ್ಫಿಗೆ ಕರೆಸಿಕೊಂಡದ್ದು ನನ್ನ ಸೋದರಮಾವ. ಫೋನ್ ಕೆಳಗಿಟ್ಟು ಇದನ್ನು ಯಾರಿಗಾದರೂ ಹೇಳಬೇಕೆಂದು ಎದ್ದೆ. ಹಲಗೆಯ ಆಚೆ ನಿದ್ದೆಯ ಉಸಿರು ಕೇಳಿಸಿತು. ಮತ್ತೆ ಕೂತೆ.

ಸ್ಪರ್ಧೆಯ ದಿನ ಪಪ್ಪ ಬಂದರು, ಇಸ್ತ್ರಿ ಮಾಡಿದ ಬಿಳಿ ಅಂಗಿ ಹಾಕಿಕೊಂಡು. ಹಿಂದಿನ ಸಾಲಿನಲ್ಲಿ ಗೋಡೆಗೆ ಒರಗಿ ಕೂತರು. ಮುಂದಿನ ಸಾಲಿನಲ್ಲಿ ಕೈಯಲ್ಲಿ ಪಾಸ್‌ಪೋರ್ಟ್ ಕಾಪಿ ಹಿಡಿದು ಕೂತ ಇಬ್ಬರು ಹೆಂಗಸರಿದ್ದರು, ಆಸ್ಪತ್ರೆಯ ನರ್ಸುಗಳು. ಪೋಸ್ಟರ್ ನೋಡಿ ಬಂದವರು.

"ಬಾಯೆ, ಟೂರ್ ಯಾವಾಗ? ಜೋರ್ಡಾನ್ ಮೇಲೆ ಹೋಗುದಾ?" ಎಂದು ಒಬ್ಬರು ಕೇಳಿದರು.

"ಇದು ಟೂರ್ ಅಲ್ಲ ಆಂಟಿ, ಡಿಬೇಟು."

"ಅಯ್ಯೋ ದೇವರೇ. ಡ್ಯೂಟಿ ಬದಲಿಸಿ ಬಂದದ್ದು ನಾವು! ಇರ್ಲಿ, ಎ.ಸಿ. ಉಂಟಲ್ಲ, ಕೂರುವ."

ಮಿರ್ದಿಫ್‌ನ ಹುಡುಗ ಚೆನ್ನಾಗಿ ಮಾತಾಡಿದ. ಪವಿತ್ರ ನಾಡಿಗೆಂದು ಹೊರಟ ಒಂದು ದಂಡು ದಾರಿಯಲ್ಲಿ ಕಾನ್‌ಸ್ಟಾಂಟಿನೋಪಲ್ ಎಂಬ ಕ್ರೈಸ್ತರದೇ ನಗರವನ್ನು ದೋಚಿದ್ದನ್ನು ಹೇಳಿದ. ಜೆರುಸಲೇಮನ್ನು ಹಿಡಿದ ದಿನ ಬೀದಿಗಳಲ್ಲಿ ನಡೆದ ಕೊಲೆಗಳನ್ನು ಹೇಳಿದ. ಹೊರಡುವ ಮೊದಲೇ ತಮ್ಮ ಪಕ್ಕದ ಊರುಗಳ ಯಹೂದಿಗಳನ್ನು ಕೊಂದದ್ದನ್ನು ಹೇಳಿದ. ಕೊನೆಗೆ ನನ್ನ ಕಡೆ ತಿರುಗಿ, "ಯೂ ಕಾಲ್ ದಿಸ್ ಫೇತ್?" ಎಂದ.

ನಾನು ಎದ್ದು ಹೇಳಿದ್ದು ಇಷ್ಟು: "ಹೌದು, ಭಕ್ತಿಯೇ. ಭಕ್ತಿ ಎಂದರೆ ನಾನು ಅವರನ್ನು ಬಿಡುಗಡೆ ಮಾಡಿದೆ ಎಂದು ತಿಳಿಯಬೇಡ. ಆಸೆಗೆ ಹೋದವನು ಚೀಲ ತುಂಬಿದಾಗ ನಿಲ್ಲುತ್ತಾನೆ. ದೇವರು ನೋಡುತ್ತಿದ್ದಾನೆ ಎಂದು ಕತ್ತಿ ಎತ್ತಿದವನಿಗೆ ನಿಲ್ಲಲು ಕಾರಣವೇ ಇಲ್ಲ. ಲೂಟಿಗೆ ಹೋದರು ಎನ್ನುವುದು ನಮಗೆ ನೆಮ್ಮದಿ ಕೊಡುವ ಉತ್ತರ. ಕಳ್ಳರು ಬೇರೆ, ನಾವು ಬೇರೆ ಎಂದು ಮನೆಗೆ ಹೋಗಬಹುದು." ಅಲ್ಲಿಗೇ ನಿಲ್ಲಿಸಬೇಕಿತ್ತು. ನಿಲ್ಲಿಸದೆ ಮಾವ, ಅಳಿಯ, ಅಣ್ಣ, ತಮ್ಮ ಎಂದೂ ಸೇರಿಸಿದೆ.

"ಸೋ ದೇ ವೆಂಟ್ ಬಿಕಾಸ್ ದೇರ್ ಅಂಕಲ್ಸ್ ವೆಂಟ್?" ಎಂದ ಹುಡುಗ. ಅದು ಭಕ್ತಿಯೂ ಅಲ್ಲವಲ್ಲ ಎಂಬುದು ಅವನ ಅರ್ಥ. ಎಲ್ಲರೂ ನಕ್ಕರು. ಅವನು ಹೇಳಿದ್ದು ಸರಿಯಿತ್ತು, ಆ ಮಾತಿನಿಂದ ನನ್ನ ಪಕ್ಷಕ್ಕೆ ಮೂರು ಕಾಸಿನ ಉಪಯೋಗವಿರಲಿಲ್ಲ. ಹೇಳದೆ ಇರಲು ಆಗಲಿಲ್ಲ, ಅಷ್ಟೇ.

ಕೊನೆಗೆ ಪ್ರಶ್ನೆ ಕೇಳಬಹುದೆಂದಾಗ ಟೂರ್ ಕೇಳಿದ ನರ್ಸೇ ಎದ್ದರು. "ಅಲ್ಲ, ಈ ಗಂಡಸ್ರು ಎಲ್ಲ ಹೊರಟ್ರಲ್ಲ, ಹೆಂಡತಿಯನ್ನು ಕೇಳಿದ್ರಾ?"

ಇದು ನಾನು ಓದಿದ್ದೆ. "ಕೇಳಲೇಬೇಕು ಎಂಬ ನಿಯಮ ಇತ್ತು ಆಂಟಿ, ಹೆಂಡತಿ ಒಪ್ಪದೆ ಹೋಗುವ ಹಾಗಿಲ್ಲ. ಮತ್ತೆ ಒಬ್ಬ ಪೋಪರು ಅದನ್ನು ತೆಗೆದುಹಾಕಿದರು. ಜನ ಸಾಕಾಗುತ್ತಿರಲಿಲ್ಲ ಅಂತ."

"ಆ ಪೋಪರ ಫೋಟೋ ಉಂಟಾ? ನಮ್ಮ ರೂಮಿನಲ್ಲಿ ಹಾಕ್ಬೇಕು!" ಎಂದು ಹಿಂದಿನಿಂದ ಒಬ್ಬರು ಕೂಗಿದರು. ಗಂಡಸರೆಲ್ಲ ಹೊಟ್ಟೆ ಹಿಡಿದು ನಕ್ಕರು. ಪಪ್ಪನೂ ನಕ್ಕರು. ಅವರು ಗುಂಪಿನಲ್ಲಿ ಹಾಗೆ ನಗುವುದನ್ನು ನಾನು ನೋಡಿರಲಿಲ್ಲ. ಪಕ್ಕದವನ ತೊಡೆಗೆ ಬಡಿದು, ಬಾಯ್ತುಂಬ ನಗು. ಊರಿನ ಮನೆಯಲ್ಲಿ ಅವರು ಕೈ ಅಡ್ಡ ಹಿಡಿದು ನಗುತ್ತಿದ್ದರು, ನೆಂಟರು ನಗುವ ಹಾಗೆ.

ಹುಡುಗ ಗೆದ್ದ. ನಾನು ಪಪ್ಪನ ಜೊತೆ ಮುರಕ್ಕಬಾತ್‌ನ ಒಂದು ಹೋಟೆಲಿಗೆ ಊಟಕ್ಕೆ ಬಂದೆ. ತಪಸ್ಸುಕಾಲದ ಶುಕ್ರವಾರ, ಮಾಂಸ ಇಲ್ಲ. ಮೀನು ತರಿಸಿದೆವು. ಪಪ್ಪ ಮುಳ್ಳು ಬಿಡಿಸುತ್ತ, "ಚೆನ್ನಾಗಿ ಮಾತಾಡಿದಿ" ಎಂದರು.

"ಸೋತೆ ಪಪ್ಪ."

"ಸೋತದ್ದು ಬೇರೆ. ಆ ಅಣ್ಣ ತಮ್ಮ ಅಂದದ್ದು ಸರಿಯುಂಟು."

ನನಗೆ ಖುಷಿಯಾಯಿತು. ಖುಷಿಯಲ್ಲೇ ಕೇಳಿದೆ, "ಮೇ ಟಿಕೆಟ್ ಯಾವಾಗ ಮಾಡುದು?"

"ಟಿಕೆಟ್ ಬೇಡ ಬಾಯೆ. ಕಂಪನಿಯವ್ರು ಇನ್ನೂ ಎರಡು ವರ್ಷ ಇರು ಅಂತಾರೆ. ನಾನು ಹೂಂ ಅಂತ ಹೇಳಿ ಆಯ್ತು."

"ಮಮ್ಮಿಗೆ ಗೊತ್ತುಂಟಾ?"

"ಅದೇ. ನೀನು ಒಂದು ಸಲ ಹೇಳ್ಬೇಕು. ನಾನು ಹೇಳಿದ್ರೆ ಜಗಳ ಆಗ್ತದೆ. ನಿನಗೆ ಮಾತು ಬರ್ತದೆ. ಇವತ್ತು ನೋಡಿದೆನಲ್ಲ, ಯಾವ ಕಡೆ ಹಾಕಿದ್ರೂ ಮಾತಾಡ್ತಿ."

"ಅದು ಚೀಟಿಯಲ್ಲಿ ಬಂದದ್ದು ಪಪ್ಪ."

"ಇದೂ ಚೀಟಿಯಲ್ಲಿ ಬಂತು ಅಂತ ತಿಳ್ಕೋ."

ಒಂದು ಕ್ಷಣ, ನಾಚಿಕೆ ಬಿಟ್ಟು ಹೇಳುತ್ತೇನೆ, ನನ್ನ ಎದೆ ಹಗುರಾಯಿತು. ಅವರು ಇರುತ್ತಾರೆ. ಮಮ್ಮಿಯ ಮುಖ ನೆನಪಾದದ್ದು ಆಮೇಲೆ. ಹಿಂದೆಯೇ ಹಳೆಯ ಅಭ್ಯಾಸ ಎದ್ದಿತು, ಕಾರಣ ಕೇಳದೆ ಯಾವ ಪಕ್ಷವನ್ನೂ ಹಿಡಿಯಬಾರದು ಎಂಬುದು. "ಮಮ್ಮಿ ಹತ್ರ ವಾದ ಮಾಡ್ಬೇಕಾದ್ರೆ ನನಗೆ ಪಾಯಿಂಟ್ ಬೇಕು. ಯಾಕೆ ಇರ್ತೀರಿ, ಹೇಳಿ" ಎಂದೆ.

ಪಪ್ಪ ಯೋಚಿಸಿದರು. ಅಷ್ಟು ಹೊತ್ತು ಅವರು ನನ್ನ ಒಂದು ಪ್ರಶ್ನೆಗೆ ಯೋಚಿಸಿದ್ದು ಅದೇ ಮೊದಲು.

"ಸ್ಟೋರಿನಲ್ಲಿ ಯಾವ ಸಾಮಾನು ಎಲ್ಲಿ ಉಂಟು ಅಂತ ಬೇರೆ ಯಾರಿಗೂ ಗೊತ್ತಿಲ್ಲ. ಹೊಸಬ ಬಂದ್ರೆ ಹುಡುಕಿ ಸಾಯ್ಬೇಕು."

"ಕಲಿಸಬಹುದು. ಮತ್ತೆ?"

"ರೂಮಿನಲ್ಲಿ ಆ ಕಾಸರಗೋಡಿನವನಿಗೆ ಶುಗರ್. ಅವನ ಊಟ ನಾನೇ ನೋಡುದು. ಇಲ್ಲದಿದ್ರೆ ಅವನು ಬಿರಿಯಾನಿ ತಿಂದು ಮಲಗ್ತಾನೆ."

"ಅವನಿಗೂ ಹೆಂಡತಿ ಇದ್ದಾಳಲ್ಲ. ಮತ್ತೆ?"

ಅವರು ಮೀನಿನ ಬೆನ್ನುಮೂಳೆಯನ್ನು ಎತ್ತಿ ತಟ್ಟೆಯ ಅಂಚಿಗಿಟ್ಟರು. "ಅಲ್ಲಿ ಹೋದ್ರೆ ನಾನು ಎಂತ ಮಾಡುದು? ಯಾವ ಕುರ್ಚಿಯಲ್ಲಿ ಕೂತ್ರೂ ಅದು ಯಾರದ್ದೋ ಆಗಿರ್ತದೆ. ಸಂಜೆ ಮಮ್ಮಿ ಜಪಮಾಲೆ ಹಿಡಿದು ತೇರ್ಸ್ ಹೇಳ್ತಾರೆ, ಅವರ ಜಪದ ವೇಗವೇ ಬೇರೆ, ನನ್ನದು ಹಿಂದೆ ಉಳೀತದೆ. ಅವರು ನನಗೆ ಕಾಯ್ತಾರೆ. ಕಾಯುವಾಗ ನನಗೆ ಒಂಥರಾ ಆಗ್ತದೆ."

ಈ ಕಾರಣ ಒಳ್ಳೆಯದಿತ್ತು, ನಿಜವೂ ಇತ್ತು. ಯಾವ ಸನ್ಯಾಸಿಯೂ ಬರೆದುಕೊಟ್ಟದ್ದಲ್ಲ, ಹೋದವನ ಬಾಯಿಂದಲೇ ಬಂದದ್ದು. ಆದರೂ ನಾನು, "ಮತ್ತೆ?" ಎಂದೆ. ಇನ್ನೊಂದು ಕಾರಣ ಉಳಿದಿರಬೇಕು ಎಂದು ನನಗನಿಸಿತ್ತು. ತೀರಾ ಸುಲಭದ್ದು, ಎದುರಿನ ಕುರ್ಚಿಯಲ್ಲೇ ಕೂತದ್ದು.

"ಮತ್ತೆ ಎಂತ? ಅಷ್ಟೇ" ಎಂದರು ಪಪ್ಪ. "ಚಾ ಹೇಳುವಾ?"

ಚಾ ಕುಡಿದೆವು. ಸಲಾಹುದ್ದೀನ್ ಸ್ಟೇಷನ್ನಿನಲ್ಲಿ ಮೆಟ್ರೋ ಹತ್ತಿದೆವು. ಕ್ರುಸೇಡಿನವರಿಂದ ಜೆರುಸಲೇಮನ್ನು ವಾಪಸು ಪಡೆದ ಸುಲ್ತಾನನ ಹೆಸರು ಆ ಸ್ಟೇಷನ್ನಿಗೆ. ಬೇರೆ ದಿನವಾದರೆ ಪಪ್ಪನಿಗೆ ಹೇಳುತ್ತಿದ್ದೆ. ಗಾಡಿಯಲ್ಲಿ ಸೀಟಿರಲಿಲ್ಲ. ಅವರು ಮೇಲಿನ ಹಿಡಿ ಹಿಡಿದು ನಿಂತರು, ನಾನು ಪಕ್ಕದ ಕಂಬ ಹಿಡಿದೆ. ಮಮ್ಮಿಗೆ ಏನು ಹೇಳಬೇಕೆಂದು ಅವರು ಒಂದೊಂದಾಗಿ ಹೇಳಿಕೊಡುತ್ತಿದ್ದರು: ಕಂಪನಿ ಬಿಡುವುದಿಲ್ಲ ಎನ್ನು, ಎರಡೇ ವರ್ಷ ಎನ್ನು, ಡಿಸೆಂಬರಿನಲ್ಲಿ ರಜೆಗೆ ಬರುತ್ತಾರೆ ಎನ್ನು. ಕೊನೆಗೆ, "ಮಕ್ಕಳಿಗೋಸ್ಕರ ಅಂತ ಹೇಳು. ಅದು ಹೇಳಿದ್ರೆ ಮಮ್ಮಿ ಮತ್ತೆ ಎಂತದೂ ಕೇಳುದಿಲ್ಲ" ಎಂದರು.

ಅಲ್ ಘುಬೈಬಾದಲ್ಲಿ ಅಬುಧಾಬಿ ಬಸ್ಸಿಗೆ ಉದ್ದದ ಸಾಲಿತ್ತು. ಶುಕ್ರವಾರದ ಸಂಜೆ, ರೂಮಿಗೆ ವಾಪಸು ಹೋಗುವ ಗಂಡಸರು, ಕೈಯಲ್ಲಿ ಪ್ಲಾಸ್ಟಿಕ್ ಚೀಲ, ಕಿವಿಯಲ್ಲಿ ಊರಿನ ಫೋನು. ಸಾಲು ಮುಂದೆ ಸರಿದಂತೆ ಪಪ್ಪನ ನಡಿಗೆ ಚುರುಕಾಯಿತು. ಮುಂದಿದ್ದ ಯಾರೋ ಪರಿಚಯದವರು ಕೈ ಎತ್ತಿದರು, ಇವರೂ ಎತ್ತಿದರು, ಪಕ್ಕದ ಸೀಟನ್ನು ತಮಗೆ ಹಿಡಿದಿಡುವಂತೆ ಸನ್ನೆ ಮಾಡಿದರು. ಒಂದು ಕಾಲನ್ನು ಬಸ್ಸಿನ ಮೆಟ್ಟಿಲ ಮೇಲಿಟ್ಟು ನನ್ನ ಕಡೆ ತಿರುಗಿ, "ಫೋನ್ ಮಾಡ್ತಿ ಅಲ್ವಾ ಮಮ್ಮಿಗೆ?" ಎಂದರು.

ಅವರ ಹಿಂದೆ ಜನ ಕಾಯುತ್ತಿದ್ದರು. ಡ್ರೈವರ್ ಕನ್ನಡಿಯಲ್ಲಿ ನೋಡುತ್ತಿದ್ದ. ಆದರೂ ನಾನು ಅವರ ಬಿಳಿ ಅಂಗಿಯ ತೋಳು ಹಿಡಿದು ಕೇಳಿದೆ:

"ಪಪ್ಪ, ನೀವು ಹೂಂ ಅನ್ನುವಾಗ, ನಾನು ಇಲ್ಲಿ ಇದ್ದೇನೆ ಅಂತ ನಿಮಗೆ ನೆನಪಿತ್ತಾ?"